ಭಾಷಣ ಪ್ರವಾಸದ ನಡುವೆ ಬರ್ಲಿನ್‌ನಲ್ಲಿ ಎರಡು ದಿನ: ಒಬ್ಬ ಸಂಘಟಕಿಯ ಪ್ರಶ್ನೆಗೆ ಉತ್ತರ

ಪ್ರಶ್ನೆ: ನಾನು ಬೆಂಗಳೂರಿನಲ್ಲಿ ಹನ್ನೊಂದು ವರ್ಷಗಳಿಂದ ಗಾರ್ಮೆಂಟ್ಸ್ ಕಾರ್ಮಿಕರ ಸಂಘಟನೆಯಲ್ಲಿ ಕೆಲಸ ಮಾಡುತ್ತಿದ್ದೇನೆ. ವಯಸ್ಸು 36. ಬರುವ ಅಕ್ಟೋಬರ್‌ನಲ್ಲಿ ಜರ್ಮನಿಯ ಆರು ಊರುಗಳಲ್ಲಿ ಮಾತನಾಡಲು ಆಹ್ವಾನ ಬಂದಿದೆ. ಬರ್ಲಿನ್‌ನಲ್ಲಿ ಶುಕ್ರವಾರ ಸಂಜೆ ಭಾಷಣ, ಅದರ ಮುಂದಿನದು ಸೋಮವಾರ ಸಂಜೆ ಲೈಪ್‌ಸಿಗ್‌ನಲ್ಲಿ. ನಡುವಿನ ಎರಡು ದಿನ ಬಿಡುವು. ವಸತಿ ಕ್ರಾಯ್ಟ್ಸ್‌ಬರ್ಗ್ ಬಡಾವಣೆಯ ‘ಹೌಸ್ ಪ್ರಾಜೆಕ್ಟ್’ ಒಂದರಲ್ಲಿ. ಹಿಂದೆ ಅದು ಜನ ಬೀಗ ಒಡೆದು ಹಿಡಿದುಕೊಂಡ ಕಟ್ಟಡವಂತೆ. ಅಲ್ಲಿನ ಗೆಳತಿಯರು ಶನಿವಾರ ಒಂದು ಮೆರವಣಿಗೆಗೆ ಬಾ, ರಾತ್ರಿ ಕ್ಲಬ್ಬಿಗೆ ಹೋಗೋಣ ಎನ್ನುತ್ತಿದ್ದಾರೆ. ನನಗೂ ನೋಡುವ ಆಸೆಯಿದೆ, ಆದರೆ ಕುಡಿಯುವ ಅಭ್ಯಾಸವಿಲ್ಲ. ಅಂಥ ಮನೆಗಳಲ್ಲಿ ಗಾಂಜಾ, ಪೊಲೀಸ್ ದಾಳಿ ಎಲ್ಲ ಮಾಮೂಲು ಎಂದು ಮನೆಯವರು ಹೆದರಿದ್ದಾರೆ. ಮೆರವಣಿಗೆಗೆ ಹೋದರೆ ವೀಸಾ ರದ್ದಾಗುತ್ತದೆ ಎಂದು ಸಂಘದ ಹಿರಿಯರೊಬ್ಬರು ಹೇಳಿದರು. ಹಾಗಾದರೆ ಹೇಗೆ ಹೋಗುವುದು? ಇನ್ನೊಂದು ಸಂಕೋಚವೂ ಇದೆ: ಟಾರ್ಗೆಟ್ ಮುಗಿಸಲಾಗದೆ ಬೈಸಿಕೊಳ್ಳುವ ಹೆಣ್ಣುಮಕ್ಕಳ ಪಾಡು ಹೇಳಲು ಹೋದವಳು ಕ್ಲಬ್ಬಿನಲ್ಲಿ ಕುಣಿದ ಫೋಟೊ ಇಲ್ಲಿ ಓಡಾಡಿದರೆ ಏನು ಉತ್ತರ ಕೊಡಲಿ?

ಉತ್ತರ: ನೀವು ಹೋಗಬೇಕೋ ಬೇಡವೋ ಎಂದು ಕೇಳಿಲ್ಲ, ಹೇಗೆ ಹೋಗಬೇಕು ಎಂದು ಕೇಳಿದ್ದೀರಿ; ಅದರಿಂದ ನನ್ನ ಕೆಲಸ ಹಗುರಾಗಿದೆ. ಹದಿನೇಳು ವರ್ಷಗಳಿಂದ ಬರ್ಲಿನ್‌ನಲ್ಲಿದ್ದು, ನಮ್ಮ ಕಡೆಯಿಂದ ಬರುವ ಭಾಷಣಕಾರರ ಪ್ರವಾಸ ಹೊಂದಿಸುವುದು, ದುಭಾಷಿಯಾಗಿ ಅವರ ಜೊತೆ ಊರೂರು ತಿರುಗುವುದು ನನ್ನ ಜೀವನೋಪಾಯ. ಈ ಅವಧಿಯಲ್ಲಿ ಭಾಷಣಕಾರರು ತೊಂದರೆಗೆ ಸಿಕ್ಕಿದ್ದನ್ನು ನೋಡಿದ್ದೇನೆ. ಅದರಲ್ಲಿ ಹೆಚ್ಚಿನದು ನಿಮ್ಮ ಮನೆಯವರು ಹೆದರಿರುವ ಸಂಗತಿಗಳಿಂದ ಬಂದದ್ದಲ್ಲ. ಈ ಊರು ಮೇಲ್ನೋಟಕ್ಕೆ ಹೇಳುವವರು ಕೇಳುವವರು ಇಲ್ಲದ ಊರಿನಂತೆ ಕಂಡರೂ ಒಳಗೆ ಕಟ್ಟುಪಾಡುಗಳಿಂದ ತುಂಬಿದೆ, ಆ ಕಟ್ಟುಪಾಡುಗಳನ್ನು ಯಾರೂ ತಾವಾಗಿ ಬಂದು ಹೇಳುವುದಿಲ್ಲ. ಕೇಳಿದವರಿಗೆ ಎಲ್ಲವೂ ಸಿಗುತ್ತದೆ, ಸುಮ್ಮನಿದ್ದವರು ಪೇಚಿಗೆ ಸಿಕ್ಕುತ್ತಾರೆ.

ಮೊದಲು ವೀಸಾ ವಿಚಾರ. ಷೆಂಗೆನ್, ಅಂದರೆ ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ಸಲ್ಲುವ ಅಲ್ಪಾವಧಿ ವೀಸಾದಲ್ಲಿ ಬಂದವರು ಮೆರವಣಿಗೆಯಲ್ಲಿ ನಡೆದರೆ ವೀಸಾ ರದ್ದಾಗುತ್ತದೆ ಎಂಬುದು ನಿಜವಲ್ಲ. ಜರ್ಮನಿಯ ವಾಸ್ತವ್ಯ ಕಾಯ್ದೆಯ 47ನೇ ಕಲಮು ವಿದೇಶಿಯರೂ ಕಾನೂನಿನ ಚೌಕಟ್ಟಿನೊಳಗೆ ರಾಜಕೀಯ ಚಟುವಟಿಕೆ ನಡೆಸಬಹುದು ಎಂದೇ ಆರಂಭವಾಗುತ್ತದೆ. ಸಾರ್ವಜನಿಕ ಸುರಕ್ಷತೆಗೆ ಧಕ್ಕೆ ಎನಿಸಿದರೆ ಅದನ್ನು ನಿರ್ಬಂಧಿಸುವ ಅಧಿಕಾರವನ್ನೂ ಅದೇ ಕಲಮು ಕೊಡುತ್ತದೆ. ಸಂವಿಧಾನದ 8ನೇ ವಿಧಿ ಸಭೆ ಸೇರುವ ಹಕ್ಕನ್ನು ‘ಎಲ್ಲ ಜರ್ಮನ್ನರಿಗೆ’ ಎಂದು ಬರೆದಿದ್ದರೂ 2021ರಲ್ಲಿ ಜಾರಿಗೆ ಬಂದ ಬರ್ಲಿನ್ ರಾಜ್ಯದ ಸಭಾಸ್ವಾತಂತ್ರ್ಯ ಕಾಯ್ದೆ ಅದನ್ನು ಪ್ರತಿಯೊಬ್ಬ ವ್ಯಕ್ತಿಗೂ ಕೊಟ್ಟಿದೆ. ವೀಸಾಕ್ಕೆ ನಿಜವಾಗಿ ಕುತ್ತು ತರುವುದು ಅರ್ಜಿಯಲ್ಲಿ ಹೇಳಿದ ಉದ್ದೇಶ ಒಂದು, ಬಂದ ಉದ್ದೇಶ ಇನ್ನೊಂದು ಆಗಿರುವುದು. ‘ಪ್ರವಾಸಿ’ ಎಂದು ಬರೆದು, ಚೀಲದಲ್ಲಿ ಆರು ಊರುಗಳ ಭಾಷಣದ ಕರಪತ್ರ ಇಟ್ಟುಕೊಂಡು ವಿಮಾನ ನಿಲ್ದಾಣದಲ್ಲಿ ತಡವರಿಸಿದವರನ್ನು ನಾನು ಬಲ್ಲೆ. ಆಹ್ವಾನಪತ್ರದಲ್ಲಿ ಆರೂ ಊರುಗಳ ಹೆಸರು, ದಿನಾಂಕ, ವಸತಿಯ ವಿಳಾಸ, ಖರ್ಚು ಯಾರದು, ಗೌರವಧನ ಉಂಟೇ, ಉಂಟಾದರೆ ಎಷ್ಟು ಎಂಬುದೆಲ್ಲ ಇರಲಿ. ವಿಶೇಷ ವೈಜ್ಞಾನಿಕ ಅಥವಾ ಕಲಾತ್ಮಕ ಮೌಲ್ಯದ ಉಪನ್ಯಾಸಗಳಿಗೆ ಅಲ್ಪಾವಧಿಯಲ್ಲಿ ವಿನಾಯಿತಿ ಇದೆ, ಆದರೆ ಸಂಘಟಕಿಯೊಬ್ಬಳ ಅನುಭವದ ಮಾತು ಅದರೊಳಗೆ ಬರುತ್ತದೆಯೇ ಎಂದು ತೀರ್ಮಾನಿಸುವವರು ದೂತಾವಾಸದವರು. ಆದ್ದರಿಂದ ಹಣದ ಮಾತನ್ನು ಬಚ್ಚಿಡದೆ ಅರ್ಜಿಯಲ್ಲೇ ತಿಳಿಸಿ. ಕನಿಷ್ಠ 30,000 ಯುರೋ ಮೊತ್ತದ ವೈದ್ಯಕೀಯ ವಿಮೆ ಹೇಗೂ ಕಡ್ಡಾಯ. ಅದರ ಕಾಗದದ ಪ್ರತಿಯನ್ನು ಕೈಚೀಲದಲ್ಲಿಡಿ, ಸೂಟ್‌ಕೇಸಿನಲ್ಲಲ್ಲ.

ಇನ್ನು ನೀವು ಇಳಿದುಕೊಳ್ಳುವ ಮನೆ. ಒತ್ತುವರಿ ಮನೆ ಎಂದ ಕೂಡಲೇ ನಮ್ಮ ಕಣ್ಣಿಗೆ ಕಟ್ಟುವುದು ಪಾಳುಬಿದ್ದ ಗೋಡೆ, ನಡುರಾತ್ರಿಯ ಬೂಟುಗಾಲಿನ ಸದ್ದು. ಅದಕ್ಕೆ ಕಾರಣವಿಲ್ಲದಿಲ್ಲ, ಆದರೆ ಆ ಚಿತ್ರ ನಲವತ್ತು ವರ್ಷ ಹಳೆಯದು. ಊರನ್ನು ಪೂರ್ವ, ಪಶ್ಚಿಮ ಎಂದು ಸೀಳಿದ ಬರ್ಲಿನ್ ಗೋಡೆ ಇದ್ದ ಕಾಲದಲ್ಲಿ ಪಶ್ಚಿಮ ಬರ್ಲಿನ್‌ನ ನಿವಾಸಿಗಳಿಗೆ ಕಡ್ಡಾಯ ಸೈನಿಕ ಸೇವೆ ಇರಲಿಲ್ಲವಾದ್ದರಿಂದ ಪಶ್ಚಿಮ ಜರ್ಮನಿಯ ಯುವಕರು ಇಲ್ಲಿಗೆ ಹರಿದುಬಂದರು. ಅದೇ ಹೊತ್ತಿಗೆ ಹಳೆಯ ವಠಾರಗಳನ್ನು ಕೆಡವಿ ಹೊಸದಾಗಿ ಕಟ್ಟುವ ಸರ್ಕಾರಿ ಯೋಜನೆಯಿಂದಾಗಿ ಕ್ರಾಯ್ಟ್ಸ್‌ಬರ್ಗ್‌ನಲ್ಲಿ ಸಾಲುಸಾಲು ಕಟ್ಟಡಗಳು ಖಾಲಿ ಬಿದ್ದಿದ್ದವು. ಮನೆಯಿಲ್ಲದ ಜನ ಒಂದು ಕಡೆ, ಜನವಿಲ್ಲದ ಮನೆ ಇನ್ನೊಂದು ಕಡೆ. 1971ರ ಡಿಸೆಂಬರ್‌ನಲ್ಲಿ ಬೆಥಾನಿಯನ್ ಆಸ್ಪತ್ರೆಯ ಆವರಣದ ನರ್ಸುಗಳ ವಸತಿಗೃಹವನ್ನು ಹಿಡಿದವರು ಅದಕ್ಕೆ ಗೇಯಾರ್ಗ್ ಫಾನ್ ರೌಹ್ ಹೌಸ್ ಎಂದು ಹೆಸರಿಟ್ಟರು, ಅದು ಇಂದಿಗೂ ಇದೆ. 1981ರ ಹೊತ್ತಿಗೆ ಪಶ್ಚಿಮ ಬರ್ಲಿನ್‌ನಲ್ಲಿ ಸುಮಾರು 160 ಮನೆಗಳು ಹೀಗೆ ಹಿಡಿದವರ ಕೈಯಲ್ಲಿದ್ದವು. ಗೋಡೆ ಬಿದ್ದ ಮೇಲೆ 1990ರಲ್ಲಿ ಪೂರ್ವದ ಕಡೆಯೂ ಇದೇ ನಡೆಯಿತು. ಆ ವರ್ಷದ ನವೆಂಬರ್‌ನಲ್ಲಿ ಮೈನ್ಸರ್ ಬೀದಿಯ ಮನೆಗಳನ್ನು ತೆರವುಗೊಳಿಸಿದಾಗ ನಡೆದ ಕಾಳಗವನ್ನು ಹಳಬರು ಈಗಲೂ ನಿನ್ನೆ ಮೊನ್ನೆಯದರಂತೆ ಹೇಳುತ್ತಾರೆ.

ಆಮೇಲೆ ಆದದ್ದು ಮಾತುಕತೆ. ಉಳಿದ ಮನೆಗಳ ಪೈಕಿ ಬಹುಪಾಲಿಗೆ ಬಾಡಿಗೆ ಕರಾರು ಆಯಿತು, ಕೆಲವನ್ನು ನಿವಾಸಿಗಳೇ ಕೂಡಿ ಕೊಂಡರು. ಫ್ರೈಬುರ್ಗ್‌ನಲ್ಲಿ ಹುಟ್ಟಿದ ಮೀಟ್ಸ್‌ಹಾಯ್ಸರ್ ಸಿಂಡಿಕಾಟ್ ಎಂಬ ಒಕ್ಕೂಟ ಮನೆಗಳನ್ನು ಮತ್ತೆ ಮಾರಾಟಕ್ಕೆ ಬಾರದಂತೆ ಕಾನೂನಿನ ಗಂಟು ಹಾಕಿ ಕೊಳ್ಳುವ ದಾರಿ ಕಂಡುಕೊಂಡಿತು, ಇಂದು ದೇಶದಾದ್ಯಂತ ನೂರಕ್ಕೂ ಹೆಚ್ಚು ಮನೆಗಳು ಅದರೊಳಗಿವೆ. 1981ರಲ್ಲಿ ಹಿಡಿದ ರೇಗನ್‌ಬೋಗನ್‌ಫಾಬ್ರಿಕ್, ಅಂದರೆ ಕಾಮನಬಿಲ್ಲು ಕಾರ್ಖಾನೆಯಲ್ಲಿ ಈಗ ಶಿಶುವಿಹಾರ, ಸೈಕಲ್ ರಿಪೇರಿ ಶಾಲೆ, ಅಡುಗೆಮನೆ, ತಂಗುದಾಣ ಎಲ್ಲ ಇವೆ. ಹೊಸದಾಗಿ ಬೀಗ ಒಡೆದರೆ ಮಾತ್ರ 24 ಗಂಟೆಯೊಳಗೆ ತೆರವು ಮಾಡುವುದು ಇಲ್ಲಿನ ಪೊಲೀಸರ ಹಳೆಯ ಪದ್ಧತಿ. ದಾಳಿ, ತೆರವು ಪೂರ್ತಿ ನಿಂತಿಲ್ಲ. 2020ರ ಅಕ್ಟೋಬರ್‌ನಲ್ಲಿ ಲೀಬಿಗ್ ಬೀದಿಯ 34ನೇ ಮನೆ, ಮರುವರ್ಷ ಕ್ಯೋಪಿ ಮನೆಯ ಪಕ್ಕದ ಗಾಡಿಮನೆಗಳ ಮೈದಾನ ಖಾಲಿಯಾದವು. ಆದ್ದರಿಂದ ನಿಮ್ಮ ಆತಿಥೇಯರಿಗೆ ನೇರವಾಗಿ ಬರೆದು ಕೇಳಿ: ಮನೆಗೆ ಬಾಡಿಗೆ ಕರಾರು ಇದೆಯೇ, ಮೊಕದ್ದಮೆ ಏನಾದರೂ ನಡೆಯುತ್ತಿದೆಯೇ, ಆ ವಾರ ಅಲ್ಲಿ ಏನಾದರೂ ನಿರೀಕ್ಷೆ ಇದೆಯೇ? ಈ ಪ್ರಶ್ನೆಯಿಂದ ಯಾರೂ ಬೇಸರಿಸುವುದಿಲ್ಲ. ಮೊಕದ್ದಮೆ ಇದ್ದರೆ ಬೇರೆ ವಸತಿ ಕೇಳಿ. ನೀವು ವೀಸಾಕ್ಕೆ ಒಂದು ತೊಡಕಾದರೂ ಉಳಿದ ಊರುಗಳ ಕಾರ್ಯಕ್ರಮವೆಲ್ಲ ತಪ್ಪುವ ಸ್ಥಿತಿಯಲ್ಲಿರುವವರು, ಸಾಹಸ ಮಾಡುವ ಸರದಿ ನಿಮ್ಮದಲ್ಲ.

ಇಂಥ ಮನೆಗಳಲ್ಲಿ ನಮ್ಮವರು ಸೋಲುವುದು ಪೊಲೀಸರ ಮುಂದಲ್ಲ, ಊಟದ ಮುಂದೆ. ಹಾವೇರಿ ಕಡೆಯಿಂದ ಬಂದಿದ್ದ ಹಿರಿಯರೊಬ್ಬರು ಭಾಷಣ ಮುಗಿಸಿ ರಾತ್ರಿ ಹತ್ತಕ್ಕೆ ಮನೆ ಸೇರಿದಾಗ ಅಡುಗೆಮನೆಯಲ್ಲಿ ಹುಡುಗಿಯೊಬ್ಬಳು ‘ಬೇಳೆ ಸಾರು ಇದೆ, ಬೇಕೇ?’ ಎಂದು ಕೇಳಿದಳು. ಇವರು ಮರ್ಯಾದೆಗೆ ಬೇಡವೆಂದರು. ಅವಳು ಸರಿ ಎಂದು ಪಾತ್ರೆಯ ಮುಚ್ಚಳ ಹಾಕಿ, ಶುಭರಾತ್ರಿ ಹೇಳಿ ಹೋದಳು. ನಮ್ಮಲ್ಲಿ ಮೊದಲ ‘ಬೇಡ’ ಮುನ್ನುಡಿ, ಮೂರನೆಯದು ಉತ್ತರ; ಅಲ್ಲಿ ಮೊದಲನೆಯದೇ ಉತ್ತರ. ಹಿರಿಯರು ಆ ರಾತ್ರಿ ಸೂಟ್‌ಕೇಸಿನಲ್ಲಿದ್ದ ಚಕ್ಕುಲಿ ತಿಂದು ಮಲಗಿದ್ದನ್ನು ಲೈಪ್‌ಸಿಗ್ ರೈಲಿನಲ್ಲಿ ನನಗೆ ಹೇಳಿದರು. ಕೇಳಿದರೆ ಅದೇ ಹುಡುಗಿ ಹನ್ನೆರಡು ಗಂಟೆಗೂ ಬಿಸಿ ಮಾಡಿ ಕೊಡುತ್ತಿದ್ದಳು.

ಆ ಅಡುಗೆಮನೆಯನ್ನೇ ಸ್ವಲ್ಪ ಹತ್ತಿರದಿಂದ ನೋಡಿ, ಮನೆಯ ರೀತಿ ಅರ್ಥವಾಗುತ್ತದೆ. ಫ್ರಿಜ್ಜಿನ ಬಾಗಿಲಲ್ಲಿ ಒಂದು ಕೋಷ್ಟಕ: ಯಾರು ಯಾವ ದಿನ ಕಸ, ಯಾರು ಯಾವ ದಿನ ಶೌಚಾಲಯ. ಫ್ರಿಜ್ಜಿನ ಒಂದೊಂದು ತಟ್ಟಿನಲ್ಲಿ ಒಂದೊಂದು ಹೆಸರು, ಕೆಳಗಿನ ತಟ್ಟಿನಲ್ಲಿ ‘ಎಲ್ಲರಿಗೂ’. ತೊಟ್ಟಿಯ ಮೇಲೆ ಚೀಟಿ. ವಾರಕ್ಕೆ ಒಂದೆರಡು ಸಂಜೆ ‘ಕ್ಯೂಫಾ’, ಅಂದರೆ ಎಲ್ಲರ ಅಡುಗೆ ಎಂಬ ಸಾಮೂಹಿಕ ಊಟ ನಡೆಯುವ ಜಾಗಗಳು ಬಡಾವಣೆಯ ತುಂಬ ಇವೆ; ದೊಡ್ಡ ಹಂಡೆಯಲ್ಲಿ ಬೆಂದ ಕಡಲೆಯೋ ಬೇಳೆಯೋ, ಸಾಮಾನ್ಯವಾಗಿ ಹಾಲು ಮೊಟ್ಟೆಯೂ ಇಲ್ಲದ ಶುದ್ಧ ಸಸ್ಯಾಹಾರ, ಪಕ್ಕದಲ್ಲಿ ಕಾಣಿಕೆ ಡಬ್ಬ. ಇಂತಿಷ್ಟೇ ಎಂದಿಲ್ಲ, ಮೂರು ನಾಲ್ಕು ಯುರೋ ಹಾಕಿದರೆ ಸಾಕು. ಉಪ್ಪು ಕಡಿಮೆ, ಖಾರ ಇಲ್ಲವೇ ಇಲ್ಲ. ಚಟ್ನಿಪುಡಿ ಒಯ್ಯಿರಿ, ನಾಲ್ಕು ಜನ ಹೊಸ ಗೆಳೆಯರಾಗುತ್ತಾರೆ. ಉಂಡ ತಟ್ಟೆಯನ್ನು ನೀವೇ ತೊಳೆದು ಒರೆಸಿ ಇಡಬೇಕು, ಮುಖ್ಯ ಭಾಷಣಕಾರರೂ ಇದಕ್ಕೆ ಹೊರತಲ್ಲ. ಇದು ಅಗೌರವವಲ್ಲ. ಮನೆಯ ವಾರದ ಸಭೆಯಲ್ಲಿ ಎಲ್ಲರ ಒಪ್ಪಿಗೆ ಪಡೆದು ನಿಮಗೆ ಹಾಸಿಗೆ ಕೊಟ್ಟಿರುತ್ತಾರೆ, ಅಂದರೆ ಆ ಮೂರು ದಿನ ನೀವು ಮನೆಯವರಲ್ಲೊಬ್ಬರು. ಹಾಗಾಗಿಯೇ ಗೆಳತಿಯನ್ನೋ ಬೆಂಗಳೂರಿನಿಂದ ಬಂದ ಪರಿಚಿತರನ್ನೋ ಕೇಳದೆ ಕರೆದುಕೊಂಡು ಬರಬಾರದು. ಒಳಗೆ ಹಾಕಿಕೊಳ್ಳಲು ಒಂದು ಜೊತೆ ಚಪ್ಪಲಿ, ಕಿವಿಗೆ ಬೆಣೆ, ಹೊದೆಯಲು ಒಂದು ಹೆಚ್ಚಿನ ಶಾಲು ಇರಲಿ. ಅಕ್ಟೋಬರ್‌ನ ರಾತ್ರಿಗಳು ತಣ್ಣಗಿರುತ್ತವೆ, ಹಳೆಯ ಮನೆಗಳಲ್ಲಿ ಶಾಖದ ವ್ಯವಸ್ಥೆ ಎಲ್ಲ ಕೋಣೆಗೂ ಒಂದೇ ಸಮ ಇರುವುದಿಲ್ಲ.

ಪರಿಚಯದ ಸುತ್ತಿನಲ್ಲಿ ಹೆಸರಿನ ಜೊತೆ ತಮ್ಮನ್ನು ‘ಅವನು’ ಎನ್ನಬೇಕೋ ‘ಅವಳು’ ಎನ್ನಬೇಕೋ ಎಂಬುದನ್ನೂ ಹೇಳುವ ರೂಢಿ ಈ ಜಾಗಗಳಲ್ಲಿದೆ. ನಮ್ಮ ಕೆಲವರಿಗೆ ಇದು ವಿಚಿತ್ರವೆನಿಸುತ್ತದೆ. ಗಂಡೋ ಹೆಣ್ಣೋ ಎಂದು ಹೇಳದೆಯೇ ಮರ್ಯಾದೆ ಕೊಡುವ ‘ಅವರು’ ನಮ್ಮ ಬಾಯಲ್ಲಿ ಮೊದಲಿಂದ ಇರುವುದರಿಂದ ಈ ತೊಡಕು ನಮಗೆ ಅಷ್ಟಾಗಿ ತಟ್ಟಿಲ್ಲ. ಜರ್ಮನ್ನರು ಈಗ ಹುಡುಕಾಡುತ್ತಿರುವುದು ಅಂಥದೊಂದು ಮಾತನ್ನೇ ಎಂದು ನಾನು ವೇದಿಕೆಯಲ್ಲಿ ಒಮ್ಮೆ ಹೇಳಿದಾಗ ಸಭೆ ಹದಿನೈದು ನಿಮಿಷ ವ್ಯಾಕರಣ ಚರ್ಚಿಸಿತು. ನಿಮ್ಮ ಭಾಷಣದ ಸಮಯ ಉಳಿಸಿಕೊಳ್ಳಬೇಕಿದ್ದರೆ ಆ ಮಾತು ಎತ್ತಬೇಡಿ.

ಎರಡು ಎಚ್ಚರಿಕೆಗಳನ್ನು ಮಾತ್ರ ಸ್ವಲ್ಪ ಒತ್ತಿ ಹೇಳುತ್ತೇನೆ. ಸ್ವಸ್ತಿಕ ಚಿಹ್ನೆ ಇರುವ ಪದಕ, ಪರ್ಸು, ಸೂಟ್‌ಕೇಸಿನ ಮೇಲೆ ಅರಿಶಿನ ಕುಂಕುಮದಲ್ಲಿ ಬರೆದ ಗುರುತು ಇವನ್ನು ಮನೆಯಲ್ಲೇ ಬಿಟ್ಟುಬನ್ನಿ. ಜರ್ಮನ್ ದಂಡಸಂಹಿತೆಯ 86ಎ ಕಲಮು ನಾತ್ಸಿ ಚಿಹ್ನೆಗಳ ಸಾರ್ವಜನಿಕ ಪ್ರದರ್ಶನಕ್ಕೆ ಮೂರು ವರ್ಷದವರೆಗೆ ಸೆರೆವಾಸ ವಿಧಿಸುತ್ತದೆ. ಹಿಂದೂಗಳ ಧಾರ್ಮಿಕ ಬಳಕೆಯನ್ನು ಶಿಕ್ಷಿಸುವುದು ಅದರ ಗುರಿಯಲ್ಲ, ಆದರೆ ಕ್ರಾಯ್ಟ್ಸ್‌ಬರ್ಗ್‌ನ ಬೀದಿಯಲ್ಲಿ ರಾತ್ರಿ ಹನ್ನೊಂದಕ್ಕೆ ಆ ವ್ಯತ್ಯಾಸವನ್ನು ನೀವು ಯಾರಿಗೆ ವಿವರಿಸುತ್ತೀರಿ? ಹಾಗೆಯೇ ವೇದಿಕೆಯ ಮೇಲೆ ನೇತಾಜಿಯವರನ್ನು ನೆನೆಯುವುದು ನಮಗೆ ಸಹಜ. ಅವರು 1941ರಿಂದ 1943ರ ಆರಂಭದವರೆಗೆ ಇದೇ ಬರ್ಲಿನ್‌ನಲ್ಲಿದ್ದರು, 1942ರ ಮೇ ತಿಂಗಳಲ್ಲಿ ಹಿಟ್ಲರನನ್ನು ಭೇಟಿಯಾದರು. ಫ್ಯಾಸಿಸ್ಟ್ ವಿರೋಧವೇ ಉಸಿರಾಗಿರುವ ಸಭೆಗೆ ಕೇಳಿಸುವುದು ಎರಡನೆಯ ಸಂಗತಿ ಮಾತ್ರ. ಹಿಂದಿನವರ ನೆನಪು ಬೇಕಿದ್ದರೆ ಲೋಹಿಯಾ ಇದ್ದಾರೆ: ಉಪ್ಪಿನ ತೆರಿಗೆಯ ಮೇಲೆ ಬರ್ಲಿನ್ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡಿ 1933ರಲ್ಲಿ ಊರಿಗೆ ಮರಳಿದ ಅವರೇ 1951ರಲ್ಲಿ ಕಾಗೋಡು ಸತ್ಯಾಗ್ರಹಕ್ಕೆ ಬಂದು ಬಂಧನಕ್ಕೊಳಗಾದವರು. 1999ರ ಮೇ, ಜೂನ್‌ನಲ್ಲಿ ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ಮುಂದಾಳತ್ವದಲ್ಲಿ ರಾಜ್ಯ ರೈತ ಸಂಘದವರೂ ಬೇರೆ ರಾಜ್ಯಗಳ ರೈತರೂ ಸೇರಿ ಸುಮಾರು 400 ಜನ ಯುರೋಪು ಸುತ್ತಿ, ಜಿ-8 ಶೃಂಗಸಭೆಯ ಹೊತ್ತಿಗೆ ಜರ್ಮನಿಯ ಕ್ಯೋಲ್ನ್ ನಗರ ತಲುಪಿದ ಜಾಥಾವನ್ನು ನೆನೆಯುವ ಹಿರಿಯ ಕಾರ್ಯಕರ್ತರು ಇಂದಿಗೂ ಸಭೆಯಲ್ಲಿ ಸಿಗುತ್ತಾರೆ. ಹಸಿರು ಶಾಲು ಎಂದರೆ ಅವರ ಮುಖ ಅರಳುತ್ತದೆ.

ಶನಿವಾರದ ಮೆರವಣಿಗೆಗೆ ಬರೋಣ. ಇಲ್ಲಿ ಮೆರವಣಿಗೆಯನ್ನು ಸಾಮಾನ್ಯವಾಗಿ 48 ಗಂಟೆ ಮೊದಲೇ ಪೊಲೀಸರಿಗೆ ತಿಳಿಸಿರುತ್ತಾರೆ, ದಾರಿ ಗೊತ್ತುಮಾಡಿರುತ್ತಾರೆ, ಮುಂದೆ ಹಿಂದೆ ಪೊಲೀಸರ ಗಾಡಿಗಳಿರುತ್ತವೆ. ಆ ಗಾಡಿಗಳ ಸಾಲು ಕಂಡೇ ಏನೋ ಆಗಿದೆ ಎಂದು ಹೆದರಬೇಡಿ, ಮಕ್ಕಳ ಗಾಡಿ ತಳ್ಳಿಕೊಂಡು ಬಂದ ತಾಯಂದಿರ ಮೆರವಣಿಗೆಗೂ ಅಷ್ಟೇ ಗಾಡಿ ಬರುತ್ತವೆ. ಗುರುತು ಮರೆಸಲು ಮುಖ ಮುಚ್ಚುವುದು, ಹೊಡೆತ ತಡೆಯುವಂಥ ಹೆಲ್ಮೆಟ್ಟಿನಂಥ ವಸ್ತು ಧರಿಸುವುದು ಅಪರಾಧವಾದೀತು. ಚಳಿಗೆ ಶಾಲನ್ನು ಮೂಗಿನವರೆಗೆ ಎಳೆದುಕೊಳ್ಳುವ ನಮ್ಮ ಅಭ್ಯಾಸವನ್ನು ಅಲ್ಲಿ ಮಾತ್ರ ಬಿಡಿ. ಯಾವ ಮೆರವಣಿಗೆ ಎಂಬುದೂ ಮುಖ್ಯ. ಬಾಡಿಗೆ ಏರಿಕೆ, ಕಾರ್ಮಿಕರ ಹಕ್ಕು, ಹವಾಮಾನ ಇವುಗಳ ಮೆರವಣಿಗೆಗಳು ಬಹುಮಟ್ಟಿಗೆ ಶಾಂತ. ಪ್ಯಾಲೆಸ್ಟೀನ್ ಕುರಿತ ಸಭೆಗಳ ಮೇಲೆ 2023ರ ಅಕ್ಟೋಬರ್‌ನಿಂದ ಪೊಲೀಸರ ಕಣ್ಣು ಬಿಗಿಯಾಗಿದೆ. ಕೆಲವು ಘೋಷಣೆಗಳ ಮೇಲೆ ಮೊಕದ್ದಮೆ ಹೂಡಲಾಗಿದೆ, 2024ರ ಏಪ್ರಿಲ್‌ನಲ್ಲಿ ಬರ್ಲಿನ್‌ನ ಸಮ್ಮೇಳನವೊಂದನ್ನು ಆರಂಭವಾದ ದಿನವೇ ಪೊಲೀಸರು ನಿಲ್ಲಿಸಿದರು, ಅದರಲ್ಲಿ ಮಾತನಾಡಬೇಕಿದ್ದ ಬ್ರಿಟನ್ನಿನ ಶಸ್ತ್ರವೈದ್ಯ ಘಸನ್ ಅಬು ಸಿತ್ತಾ ಅವರನ್ನು ವಿಮಾನ ನಿಲ್ದಾಣದಿಂದಲೇ ಹಿಂದೆ ಕಳಿಸಿದರು. ಅಂಥ ವಿಚಾರದಲ್ಲಿ ನಿಮ್ಮ ನಿಲುವು ಏನಿರಬೇಕೆಂದು ಹೇಳುವುದು ನನ್ನ ಕೆಲಸವಲ್ಲ. ಹೋಗುವುದಾದರೆ ಯಾವ ಘೋಷಣೆಗೆ ಏನು ಪರಿಣಾಮ ಎಂದು ಆ ವಾರವೇ ಸ್ಥಳೀಯ ವಕೀಲರಿಂದ ತಿಳಿದುಕೊಂಡು ಹೋಗಿ. ಭಾಷೆ ಬಾರದ ಘೋಷಣೆಗೆ ದನಿಗೂಡಿಸಬೇಡಿ.

ಪೊಲೀಸರು ಗುರುತು ಕೇಳಿದರೆ ಪಾಸ್‌ಪೋರ್ಟ್ ತೋರಿಸಬೇಕು. ಹೆಸರು, ಹುಟ್ಟಿದ ದಿನ ಮತ್ತು ಊರು, ವಿಳಾಸ, ರಾಷ್ಟ್ರೀಯತೆ ಇಷ್ಟು ಹೇಳಿ. ಉಳಿದದ್ದಕ್ಕೆ ವಕೀಲರಿಲ್ಲದೆ ಉತ್ತರಿಸುವುದಿಲ್ಲ ಎನ್ನುವ ಹಕ್ಕು ನಿಮಗಿದೆ. ಕೊಟ್‌ಬುಸರ್ ಟೋರ್ ನಿಲ್ದಾಣದ ಸುತ್ತ, ಗ್ಯೋರ್ಲಿಟ್ಸರ್ ಉದ್ಯಾನದ ಸುತ್ತ ಪೊಲೀಸರು ನಿರ್ದಿಷ್ಟ ಅನುಮಾನವಿಲ್ಲದೆಯೂ ಗುರುತು ತಪಾಸಣೆ ಮಾಡಬಹುದಾದ ಪ್ರದೇಶಗಳಿವೆ, ಮತ್ತು ಕಪ್ಪು, ಕಂದು ಮೈಬಣ್ಣದವರನ್ನೇ ಹೆಚ್ಚು ನಿಲ್ಲಿಸುತ್ತಾರೆ ಎಂಬ ದೂರು ಬಹುಕಾಲದ್ದು. ನನ್ನನ್ನೇ ಎರಡು ಸಲ ನಿಲ್ಲಿಸಿದ್ದಾರೆ, ಎರಡೂ ಸಲ ಕೈಯಲ್ಲಿ ತರಕಾರಿ ಚೀಲವಿತ್ತು. ವಾದ ಬೇಡ, ಹೊತ್ತು ಮತ್ತು ಜಾಗ ಗುರುತಿಟ್ಟುಕೊಂಡು ಆತಿಥೇಯರಿಗೆ ತಿಳಿಸಿ. ಸರ್ಕಾರಿ ಇಲಾಖೆಗಳ ತಾರತಮ್ಯದ ವಿರುದ್ಧ 2020ರಲ್ಲಿ ಬರ್ಲಿನ್ ತಂದ ಕಾನೂನು ಪೊಲೀಸರಿಗೂ ಅನ್ವಯಿಸುತ್ತದೆ.

ಗಾಂಜಾ ಕುರಿತು ನಿಮ್ಮ ಮನೆಯವರ ಹೆದರಿಕೆಗೂ, ಅಲ್ಲಿನ ಗೆಳೆಯರು ಹೇಳಬಹುದಾದ ‘ಈಗ ಎಲ್ಲ ಕಾನೂನುಬದ್ಧ’ ಎಂಬ ಮಾತಿಗೂ ನಡುವೆ ಸತ್ಯವಿದೆ. 2024ರ ಏಪ್ರಿಲ್ 1ರಿಂದ 18 ದಾಟಿದವರು 25 ಗ್ರಾಂವರೆಗೆ ಇಟ್ಟುಕೊಂಡು ತಿರುಗಾಡಬಹುದು. ಆದರೆ ಬೀದಿಯಲ್ಲಿ ಮಾರುವುದು ಈಗಲೂ ಅಪರಾಧ. ಬೆಳೆಗಾರರ ಸಂಘದ ಸದಸ್ಯರಾಗಲು ಕನಿಷ್ಠ ಆರು ತಿಂಗಳ ವಾಸ್ತವ್ಯ ಬೇಕು. ಅಂದರೆ ಮೂರು ದಿನಕ್ಕೆ ಬಂದವರು ಅದನ್ನು ಕಾನೂನುಬದ್ಧವಾಗಿ ಕೊಳ್ಳುವ ದಾರಿಯೇ ಇಲ್ಲ. ಉದ್ಯಾನದ ಬಾಗಿಲಲ್ಲಿ ನಿಂತವರು ಪಿಸುಗುಟ್ಟಿದರೆ ಕೇಳಿಸದವರಂತೆ ನಡೆಯಿರಿ, ಅವರು ಹಿಂದೆ ಬರುವುದಿಲ್ಲ. ಕೋಟಿನ ಜೇಬಿನಲ್ಲಿ ಯಾರೋ ಕೊಟ್ಟ ಚೂರು ಉಳಿದು, ಅದು ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಸಿಕ್ಕರೆ ಅಲ್ಲಿ ಮಾದಕ ವಸ್ತುಗಳ ವಿರುದ್ಧದ ನಮ್ಮ ಎನ್‌ಡಿಪಿಎಸ್ ಕಾಯ್ದೆ ಇದೆ ಎಂಬುದನ್ನು ನಿಮಗೆ ನಾನು ಹೇಳಬೇಕಿಲ್ಲ.

ಈಗ ರಾತ್ರಿಯ ವಿಷಯ. ಹಗಲಿನ ಹೋರಾಟ ಒಂದು ಲೋಕ, ರಾತ್ರಿಯ ಕುಣಿತ ಇನ್ನೊಂದು ಲೋಕ ಎಂದು ನಾವು ಭಾವಿಸುತ್ತೇವೆ, ನಿಮ್ಮ ಸಂಕೋಚದ ಬೇರೂ ಅಲ್ಲೇ ಇದೆ. ಬರ್ಲಿನ್‌ನಲ್ಲಿ ಇವೆರಡೂ ಒಂದೇ ಖಾಲಿ ಕಟ್ಟಡದ ಮಕ್ಕಳು. 1949ರಲ್ಲಿ ಹೈನ್ಸ್ ಸೆಲ್ಲರ್‌ಮಾಯರ್ ಎಂಬ ಹೋಟೆಲಿನವರು ಅಮೆರಿಕದ ಸೇನಾಧಿಕಾರಿ ಫ್ರಾಂಕ್ ಹೌಲಿಯನ್ನು ಒಪ್ಪಿಸಿ ಪಶ್ಚಿಮ ಬರ್ಲಿನ್‌ನಲ್ಲಿ ರಾತ್ರಿ ಹೋಟೆಲು, ಬಾರು ಮುಚ್ಚುವ ಸಮಯದ ನಿರ್ಬಂಧವನ್ನೇ ತೆಗೆಸಿದರು. ಗೋಡೆ ಬಿದ್ದ ಮೇಲೆ ಒಡೆಯನಾರೆಂದು ತಿಳಿಯದ ಗೋದಾಮು, ವಿದ್ಯುತ್ ಕೇಂದ್ರ, ನೆಲಮಾಳಿಗೆಗಳಲ್ಲಿ ಟೆಕ್ನೊ ಎಂಬ ಎಲೆಕ್ಟ್ರಾನಿಕ್ ಕುಣಿತದ ಸಂಗೀತ ಹೊಕ್ಕಿತು. 1991ರಲ್ಲಿ ತೆರೆದ ಟ್ರೆಸೋರ್, ವೆರ್ಟ್‌ಹೈಮ್ ಎಂಬ ಹಳೆಯ ಮಳಿಗೆಯ ತಿಜೋರಿ ಕೋಣೆಯಲ್ಲಿತ್ತು. ಒರಾನಿಯನ್ ಬೀದಿಯ ಎಸ್‌ಓ36 ಎಂಬ ಸಭಾಂಗಣ 1978ರಿಂದ ಪಂಕ್ ಸಂಗೀತ, ರಾಜಕೀಯ ಸಭೆ, ಟರ್ಕಿ ಅರಬ್ ಮೂಲದ ಸಲಿಂಗಿಗಳ ಕುಣಿತದ ಸಂಜೆ ಎಲ್ಲಕ್ಕೂ ಒಂದೇ ನೆಲ ಹಾಸಿದೆ. ಅದರ ಹೆಸರು ಬಡಾವಣೆಯ ಹಳೆಯ ಅಂಚೆ ಸಂಖ್ಯೆ. ಗ್ನೈಸೆನೌ ಬೀದಿಯ ಮೆಹ್ರಿಂಗ್‌ಹೋಫ್ ಮೊದಲು ಅಚ್ಚುಮೊಳೆ ಎರಕಹೊಯ್ಯುವ ಕಾರ್ಖಾನೆಯಾಗಿತ್ತು. 1979ರಿಂದ ಅಲ್ಲಿ ಹೋರಾಟದ ಗುಂಪುಗಳು, ಪುಸ್ತಕದಂಗಡಿ, ಕುಡಿಯುವ ಕೋಣೆ ಒಂದೇ ಅಂಗಳ ಹಂಚಿಕೊಂಡಿವೆ. ಬಂಧಿತರ ವಕೀಲರ ಖರ್ಚು, ನಿಮ್ಮಂಥವರ ವಿಮಾನದ ಟಿಕೆಟ್ಟು ಎಷ್ಟೋ ಸಲ ಹೊಂದುವುದು ‘ಸೋಲಿಪಾರ್ಟಿ’ ಎಂಬ ಬೆಂಬಲದ ಕುಣಿತದ ಬಾಗಿಲ ಹಣದಿಂದಲೇ. 2024ರ ಮಾರ್ಚ್‌ನಲ್ಲಿ ಬರ್ಲಿನ್ ಟೆಕ್ನೊ ಜರ್ಮನಿಯ ಅಮೂರ್ತ ಸಾಂಸ್ಕೃತಿಕ ಪರಂಪರೆಯ ಪಟ್ಟಿ ಸೇರಿತು, ಅದೇ ವರ್ಷದ ಕೊನೆಗೆ ಬಾಡಿಗೆ ತಾಳದೆ ಷ್ಪ್ರೇ ನದಿಯ ದಡದ ವಾಟರ್‌ಗೇಟ್ ಕ್ಲಬ್ ಮುಚ್ಚಿತು. ಬಾಡಿಗೆಯ ವಿರುದ್ಧದ ಮೆರವಣಿಗೆಯಲ್ಲಿ ಧ್ವನಿವರ್ಧಕದ ಲಾರಿ ಹತ್ತಿ ಕ್ಲಬ್ಬಿನವರೂ ಬರುವುದು ಇದಕ್ಕೇ.

ಯಾವ ಕ್ಲಬ್ಬು ಎಂಬ ಪ್ರಶ್ನೆಗೆ ಎಲ್ಲರ ಬಾಯಲ್ಲಿ ಬರುವುದು ಬೆರ್ಗ್‌ಹೈನ್. ಹಳೆಯ ವಿದ್ಯುತ್ ಕೇಂದ್ರದ ಆ ಎತ್ತರದ ಕಟ್ಟಡ ನೋಡತಕ್ಕದ್ದೇ, ಆದರೆ ಎರಡು ಗಂಟೆ ಸಾಲಿನಲ್ಲಿ ನಿಂತು ಬಾಗಿಲಲ್ಲಿ ಕಾರಣ ಹೇಳದೆ ತಲೆಯಾಡಿಸಿ ಕಳಿಸುವ ಸಂಭವ ದೊಡ್ಡದು. ಮೂರೇ ದಿನವಿರುವ ನಿಮಗೆ ಅದನ್ನು ನಾನು ಶಿಫಾರಸು ಮಾಡುವುದಿಲ್ಲ. ಓಸ್ಟ್‌ಕ್ರಾಯ್ಟ್ಸ್ ನಿಲ್ದಾಣದ ಬಳಿಯ ಅಬೌಟ್ ಬ್ಲಾಂಕ್ ಎಂಬುದು ದುಡಿಯುವವರೇ ಕೂಡಿ ನಡೆಸುವ ಕ್ಲಬ್ಬು, ಹಿತ್ತಿಲಿದೆ, ರಾಜಕೀಯ ಸ್ಪಷ್ಟವಿದೆ. ನಿಮ್ಮ ಗೆಳತಿಯರಿಗೆ ಅದು ಪರಿಚಿತವಿದ್ದೇ ಇರುತ್ತದೆ. ಎಲ್ಲೇ ಹೋದರೂ ಸಾಲಿನಲ್ಲಿ ಗದ್ದಲ ಬೇಡ, ಗುಂಪು ಮೂರು ನಾಲ್ಕು ಜನಕ್ಕೆ ಮೀರದಿರಲಿ, ನಗದು ಕೈಯಲ್ಲಿರಲಿ. ಬಾಗಿಲಲ್ಲಿ ಫೋನಿನ ಕ್ಯಾಮೆರಾ ಕಣ್ಣಿಗೆ ಒಂದು ಬಣ್ಣದ ಚೀಟಿ ಅಂಟಿಸುತ್ತಾರೆ, ಅದನ್ನು ಕಿತ್ತು ಚಿತ್ರ ತೆಗೆದರೆ ಹೊರಗೆ ಹಾಕುತ್ತಾರೆ. ಅಂದ ಮೇಲೆ ನಿಮ್ಮ ಫೋಟೊ ಬೆಂಗಳೂರಿನಲ್ಲಿ ಓಡಾಡುವ ಭಯ ಕ್ಲಬ್ಬಿನೊಳಗೆ ಎಲ್ಲಕ್ಕಿಂತ ಕಡಿಮೆ. ಅಪಾಯವಿರುವುದು ಹೊರಗೆ, ಕ್ಲಬ್ಬಿನ ಮುಂದೆ ಗೆಳತಿಯೊಬ್ಬಳು ಪ್ರೀತಿಯಿಂದ ತೆಗೆದು ನಿಮ್ಮ ಹೆಸರು ಜೋಡಿಸಿ ಹಾಕುವ ಗುಂಪಿನ ಚಿತ್ರದಲ್ಲಿ. ಮೊದಲೇ ಹೇಳಿಡಿ, ಅಲ್ಲಿನವರು ಈ ಮಾತನ್ನು ಬಹಳ ಗಂಭೀರವಾಗಿ ಪಾಲಿಸುತ್ತಾರೆ.

ನೀವು ಕುಡಿಯುವುದಿಲ್ಲ ಎಂಬುದು ಇಲ್ಲಿ ಯಾರಿಗೂ ಸುದ್ದಿಯಲ್ಲ. ಕ್ಲುಬ್ ಮಾಟೆ ಎಂಬ ಚಹಾ ಎಲೆಯಂಥ ಎಲೆಯ ಪಾನೀಯ ಕೈಯಲ್ಲಿದ್ದರೆ ಸಾಕು. ಅರ್ಧ ಲೀಟರಿನ ಬಾಟಲಿಯಲ್ಲಿ ಸುಮಾರು 100 ಮಿಲಿಗ್ರಾಂ ಕೆಫೀನ್ ಇದೆ, ಎರಡನೆಯದು ಕುಡಿದರೆ ನಿದ್ದೆ ಬಾರದೆಂದು ತಿಳಿದುಕೊಳ್ಳಿ. ಬಾಟಲಿ ನಿಮ್ಮ ಕಣ್ಣೆದುರೇ ತೆರೆಯಲಿ, ಕೈಯಿಂದ ಇಡಬೇಡಿ, ಇಟ್ಟು ಹೋಗಿದ್ದರೆ ಹೊಸದು ಕೊಳ್ಳಿ. ಪಾನೀಯಕ್ಕೆ ಅಮಲಿನ ಹನಿ ಬೆರೆಸುವ ಪ್ರಕರಣಗಳು ಇಲ್ಲಿಯೂ ಉಂಟು. ಹಲವು ಕ್ಲಬ್ಬುಗಳಲ್ಲಿ ‘ಅವೇರ್‌ನೆಸ್’ ತಂಡವೆಂದು ಗುರುತು ಕಟ್ಟಿಕೊಂಡವರು ಇರುತ್ತಾರೆ, ಯಾರಾದರೂ ಮೈಮೇಲೆ ಬಿದ್ದು ಬಂದರೆ ಅವರ ಬಳಿ ಹೋಗಿ. ಜರ್ಮನಿಯ ಅನೇಕ ಬಾರುಗಳಲ್ಲಿ ‘ಲೂಯಿಸಾ ಇಲ್ಲಿದ್ದಾಳೆಯೇ’ ಎಂದು ಕೌಂಟರಿನಲ್ಲಿ ಕೇಳಿದರೆ ಹೆಚ್ಚಿನ ಪ್ರಶ್ನೆಯಿಲ್ಲದೆ ನಿಮ್ಮನ್ನು ಸುರಕ್ಷಿತ ಕೋಣೆಗೆ ಕರೆದೊಯ್ಯುತ್ತಾರೆ. ಪೊಲೀಸ್ 110, ಆಂಬುಲೆನ್ಸ್ 112, ಹಿಂಸೆಗೊಳಗಾದ ಮಹಿಳೆಯರ ಉಚಿತ ಸಹಾಯವಾಣಿ 116 016. ಶುಕ್ರವಾರ, ಶನಿವಾರ ರಾತ್ರಿ ಮೆಟ್ರೊ ಇಡೀ ರಾತ್ರಿ ಓಡುತ್ತದೆ. ಕಾಗದದ ಟಿಕೆಟ್ ಕೊಂಡರೆ ಸಾಲದು, ಪ್ಲಾಟ್‌ಫಾರ್ಮಿನ ಪೆಟ್ಟಿಗೆಯಲ್ಲಿ ಮುದ್ರೆ ಹಾಕಿಸದಿದ್ದರೆ 60 ಯುರೋ ದಂಡ. ಒಬ್ಬ ಹೆಂಗಸು ರಾತ್ರಿ ಎರಡಕ್ಕೆ ರೈಲಿನಲ್ಲಿ ಕೂತು ಪುಸ್ತಕ ಓದುತ್ತಿರುವುದು ಇಲ್ಲಿ ಸಾಮಾನ್ಯ ದೃಶ್ಯ. ಆದರೂ ಹೊಸಬರಿಗೆ ನಾನು ಹೇಳುವ ನಿಯಮ ಒಂದೇ, ಯಾರ ಜೊತೆ ಹೊರಟಿರೋ ಅವರ ಜೊತೆ ವಾಪಸು, ಮತ್ತು ಇದನ್ನು ಹೊರಡುವ ಮೊದಲೇ ಬಾಯಿಬಿಟ್ಟು ಗೊತ್ತುಮಾಡಿಕೊಳ್ಳುವುದು. ಹೇಳದಿದ್ದರೆ ನಿಮ್ಮ ಗೆಳತಿಯರು ನೀವು ಸ್ವತಂತ್ರವಾಗಿ ಇರಲು ಬಯಸುತ್ತೀರೆಂದು ತಿಳಿದು, ಗೌರವದಿಂದಲೇ, ನಿಮ್ಮನ್ನು ಬಿಟ್ಟು ಹೋಗುತ್ತಾರೆ.

ಶುಕ್ರವಾರ ಭಾಷಣ ಮುಗಿದ ರಾತ್ರಿ ಎಲ್ಲಿಗೂ ಹೋಗಬೇಡಿ. ಹೊಸ ಊರು, ದುಭಾಷಿಯ ಮೂಲಕ ಎರಡು ಗಂಟೆ ಮಾತು, ಸಭಿಕರ ನೇರ ಪ್ರಶ್ನೆಗಳು, ಇವೆಲ್ಲ ಮುಗಿದಾಗ ಮೈ ಹಗುರಾದಂತೆ ಎನಿಸುತ್ತದೆ, ಆದರೆ ಅದು ದಣಿವು. ನನ್ನ ಅನುಭವದಲ್ಲಿ ಕಳೆದ ಪಾಸ್‌ಪೋರ್ಟು, ತಪ್ಪಿದ ರೈಲು, ಬೇಡದ ಜಗಳ ಎಲ್ಲ ಭಾಷಣದ ರಾತ್ರಿಯವು. ಶನಿವಾರ ಸಂಜೆ ಕ್ಯೂಫಾದಲ್ಲಿ ಉಂಡು ಬೇಗ ಮಲಗಿ, ಭಾನುವಾರ ಮಧ್ಯಾಹ್ನ ಕ್ಲಬ್ಬಿಗೆ ಹೋಗಿ. ಕೇಳಲು ತಮಾಷೆಯಾಗಿದೆ, ಆದರೆ ಶನಿವಾರ ರಾತ್ರಿ ತೆರೆದ ಎಷ್ಟೋ ಕ್ಲಬ್ಬುಗಳು ಸೋಮವಾರ ಬೆಳಿಗ್ಗೆಯವರೆಗೆ ಮುಚ್ಚುವುದಿಲ್ಲ, ಮತ್ತು ಊರಿನವರು ಹೋಗುವ ಹೊತ್ತೇ ಅದು: ಸಾಲು ಚಿಕ್ಕದು, ಅಮಲಿನವರು ಮನೆ ಸೇರಿರುತ್ತಾರೆ, ಹಿತ್ತಿಲಿನ ಬೆಂಚಿನ ಮೇಲೆ ಬಿಸಿಲು ಕಾಯಿಸಿಕೊಂಡು ಬಾಡಿಗೆ ಕರಾರಿನ ಬಗ್ಗೆ ಚರ್ಚಿಸುವವರು ಸಿಗುತ್ತಾರೆ. ಸಂಜೆ ಏಳಕ್ಕೆ ಹೊರಬಂದರೆ ಸೋಮವಾರದ ಲೈಪ್‌ಸಿಗ್ ರೈಲಿಗೆ ತೊಂದರೆಯಿಲ್ಲ, ವೇಗದ ರೈಲಿನಲ್ಲಿ ಒಂದೂಕಾಲು ಗಂಟೆಯ ದಾರಿ.

ಕೊನೆಯ ಸಂಕೋಚದ ಬಗ್ಗೆ. ಫೋಟೊ ಹೊರಬಂದರೆ ಏನು ಉತ್ತರ ಎಂದು ಕೇಳಿದ್ದೀರಿ. ಬಂದ ಮೇಲೆ ಉತ್ತರ ಹುಡುಕುವುದಕ್ಕಿಂತ ಹೊರಡುವ ಮೊದಲು ಸಂಘದ ಸಮಿತಿಯಲ್ಲಿ ಪ್ರವಾಸದ ದಿನಚರಿ ಇಡಿ, ಎರಡು ದಿನ ಬಿಡುವೆಂದು ಅದರಲ್ಲೇ ಬರೆದಿರಲಿ, ಕ್ಲಬ್ಬಿನ ಖರ್ಚು ನಿಮ್ಮ ಕೈಯಿಂದ ಹೋಗಲಿ, ಅದರ ಚೀಟಿ ಪ್ರವಾಸದ ಲೆಕ್ಕದಲ್ಲಿ ಸೇರದಿರಲಿ. ಕಾರ್ಖಾನೆ ಆಡಳಿತದವರು ನಿಮ್ಮ ಮೇಲೆ ಕೆಸರೆರಚಬೇಕೆಂದಿದ್ದರೆ ಅವರಿಗೆ ಕುಣಿತದ ಚಿತ್ರಕ್ಕಿಂತ ಲೆಕ್ಕದ ತಪ್ಪು ಹೆಚ್ಚು ಉಪಯೋಗಕ್ಕೆ ಬರುತ್ತದೆ. ನಿಮ್ಮ ಭಾಷಣದ ವಿಷಯವೇ ಜರ್ಮನಿಯಲ್ಲಿ 2023ರಲ್ಲಿ ಜಾರಿಗೆ ಬಂದ ಪೂರೈಕೆ ಸರಪಳಿ ಕಾಯ್ದೆಯಾಗಿದ್ದರೆ, ಬಟ್ಟೆ ಕೊಳ್ಳುವ ಕಂಪನಿಗಳಿಂದ ಪೈಸೆಪೈಸೆಯ ಲೆಕ್ಕ ಕೇಳುವ ನೀವು ಅದನ್ನು ನನಗಿಂತ ಚೆನ್ನಾಗಿ ಬಲ್ಲಿರಿ. ಜೊತೆಯವರಲ್ಲಿ ಒಬ್ಬಿಬ್ಬರಿಗಾದರೂ, ವಿಶೇಷವಾಗಿ ನಿಮ್ಮ ಲೈನಿನಲ್ಲಿ ಹೊಲಿದ ಹಳೆಯ ಗೆಳತಿಯರಿಗೆ, ಹೋಗುತ್ತೇನೆಂದು ಮೊದಲೇ ಹೇಳಿ. ಇದೇ ಕೆಲಸದ ಮೇಲೆ ಬಂದಿದ್ದ ಇನ್ನೊಬ್ಬರು ಹಾಗೆ ಹೇಳಿದ್ದಕ್ಕೆ, ನಮಗಾಗಿ ಏನು ತರುತ್ತೀ ಎಂದು ಕೇಳಿದವರೇ ಹೆಚ್ಚಂತೆ. ಅವರು ಕ್ಲಬ್ಬಿನ ಕೋಟುಗೂಡಿನ 214ನೇ ನಂಬರಿನ ಬಿಲ್ಲೆಯನ್ನು ಮರೆತು ಜೇಬಿನಲ್ಲೇ ಒಯ್ದಿದ್ದರು. ನಾನು ಅವರ ಕೋಟನ್ನು ಮೂರು ವಾರ ಬಿಟ್ಟು ಪಾರ್ಸೆಲ್ ಮಾಡಬೇಕಾಯಿತು. ನೀವು ಹೊರಡುವಾಗ ಬಿಲ್ಲೆ ಕೊಟ್ಟು ಕೋಟು ತೆಗೆದುಕೊಳ್ಳಿ, ಅಕ್ಟೋಬರ್‌ನಲ್ಲಿ ಅದಿಲ್ಲದೆ ಲೈಪ್‌ಸಿಗ್ ಕಷ್ಟ.